ಹೆಡ್‌ಫೋನಿನ ನಾದ ಇರುವುದು ಡಬ್ಬಿಯಲ್ಲಿ

ನಮಸ್ಕಾರ. ಮನೆಯಲ್ಲೇ ಹೆಡ್‌ಫೋನ್ ಕಟ್ಟಲು ಹೊರಟವರು ಮೊದಲು ಕೇಳುವುದು ಒಂದೇ ಮಾತು. ಯಾವ ಡ್ರೈವರ್, ಅಂದರೆ ಒಳಗೆ ಸದ್ದು ಹುಟ್ಟಿಸುವ ಯಾವ ಪುಟ್ಟ ಸ್ಪೀಕರ್, ಹಾಕಬೇಕು? 40 ಮಿಲಿಮೀಟರ್ ಸಾಕಾ, 50 ಬೇಕಾ, ದುಬಾರಿ ಲೇಪ ಇರುವುದನ್ನು ಹೊರದೇಶದಿಂದ ತರಿಸಬೇಕಾ? ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹಿಂಬದಿ ಮುಚ್ಚಿದ ಹೆಡ್‌ಫೋನಿನಲ್ಲಿ ಡ್ರೈವರಿನ ಪಾಲು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಅದರ ಹಿಂದಿನ ಡಬ್ಬಿ, ಆ ಡಬ್ಬಿಯೊಳಗಿನ ಗಾಳಿ, ಕಿವಿಯ ಸುತ್ತ ಕೂರುವ ಪ್ಯಾಡ್, ಈ ಮೂರೇ ದೊಡ್ಡ ಕೆಲಸ ಮಾಡುತ್ತವೆ. ಈ ಮೂರಕ್ಕೂ ದುಡ್ಡಿಗಿಂತ ತಾಳ್ಮೆ ಜಾಸ್ತಿ ಬೇಕು.

ನಂಬಿಕೆ ಬರದಿದ್ದರೆ ಹೀಗೆ ಮಾಡಿ ನೋಡಿ. ಒಂದು ಹಳೆ ಹೆಡ್‌ಫೋನ್ ಬಿಚ್ಚಿ, ಡ್ರೈವರನ್ನು ಹೊರಗೆ ತೆಗೆದು, ವೈರ್ ಕೀಳದೆ ಹಾಗೇ ಕಿವಿಯ ಹತ್ತಿರ ಹಿಡಿದು ಹಾಡು ಹಾಕಿ. ಬಾಸ್, ಅಂದರೆ ಮಂದ್ರದ ಸದ್ದು, ಪೂರ್ತಿ ಮಾಯ. ತಗಡು ಬಡಿದ ಸದ್ದು ಮಾತ್ರ ಉಳಿದಿರುತ್ತದೆ. ಡ್ರೈವರಿನ ಪೊರೆ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತದೆ, ಎರಡೂ ಅಂಚಿನಲ್ಲಿ ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಈಗ ಅದೇ ಡ್ರೈವರನ್ನು ಒಂದು ಹಲಗೆಗೆ ಕೂರಿಸಿ, ಹಿಂದೆ ಮುಚ್ಚಿದ ಕಪ್, ಅದೇ ಆ ಡಬ್ಬಿ, ಇಟ್ಟು, ಮುಂದೆ ಒಳ್ಳೆ ಪ್ಯಾಡ್ ಹಾಕಿ ತಲೆಗೆ ಒತ್ತಿ. ಬಾಸ್ ತಾನಾಗಿ ಬರುತ್ತದೆ. ಡ್ರೈವರ್ ಬದಲಾಗಿಲ್ಲ ಅಲ್ವಾ?

ಮನೆಯಲ್ಲಿ ಮಾಡಿದ್ದು ಅಂದರೆ ಜನ ಅದನ್ನು ಸ್ವಲ್ಪ ಕೆಳಗೆ ನೋಡುತ್ತಾರೆ. ಅಂಥವರಿಗೆ ನಾನು ಹೇಳುವ ಕಥೆ ನಥಾನಿಯಲ್ ಬಾಲ್ಡ್ವಿನ್ ಅವರದ್ದು. ಅಮೆರಿಕದ ಯೂಟಾದಲ್ಲಿ 1910ರ ಹೊತ್ತಿಗೆ ಈ ಮನುಷ್ಯ ತನ್ನ ಅಡುಗೆಮನೆಯಲ್ಲಿ ಕೂತು ಹೆಡ್‌ಫೋನ್ ಮಾಡಿ ಅಲ್ಲಿನ ನೌಕಾಪಡೆಗೆ ಕಳಿಸಿದರು. ನೌಕಾಪಡೆಯವರು ಪರೀಕ್ಷೆ ಮಾಡಿ ಆರ್ಡರ್ ಕೊಟ್ಟರು. ಇನ್ನು ನಮ್ಮ ಕಾಲಕ್ಕೆ ಬಂದರೆ, ಜಪಾನಿನ ಫಾಸ್ಟೆಕ್ಸ್ ಕಂಪನಿಯ ಟಿ50ಆರ್‌ಪಿ ಅನ್ನುವ ಸ್ಟುಡಿಯೋ ಹೆಡ್‌ಫೋನ್ ಇದೆ. ಪ್ರಪಂಚದ ಎಷ್ಟೋ ಹವ್ಯಾಸಿಗಳು ಅದನ್ನು ಬಿಚ್ಚಿ, ಒಳಗೆ ಫೆಲ್ಟ್, ಹತ್ತಿ, ಜೇಡಿ ತುಂಬಿ ಕಲಿತರು. ಅದೇ ಕೆಲಸದಿಂದ ಶುರು ಮಾಡಿದ ಡ್ಯಾನ್ ಕ್ಲಾರ್ಕ್ ಇವತ್ತು ಸ್ವಂತ ಕಂಪನಿ ನಡೆಸುತ್ತಾರೆ. ಷಿಕಾಗೋದ ಜ಼ೆಡ್‌ಎಂಎಫ್ ಹೆಡ್‌ಫೋನ್ ಕಂಪನಿ ಕೂಡ ಹಾಗೇ ಹುಟ್ಟಿದ್ದು. ಒಂದೇ ಡ್ರೈವರ್, ಬೇರೆ ಬೇರೆ ಕೈ, ಬೇರೆ ಬೇರೆ ನಾದ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಿಂಬದಿ ತೆರೆದ ಹೆಡ್‌ಫೋನ್ ಮಾಡುವುದು ಸುಲಭ, ಅದನ್ನೇ ಯಾಕೆ ಮಾಡಬಾರದು ಅಂತ ಕೇಳಬಹುದು. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಊರುಗಳ ಸದ್ದು ನೋಡಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಪಕ್ಕದ ಮನೆಯಲ್ಲಿ ಕಟ್ಟಡ ಏಳುತ್ತಿರುವಾಗ ತೆರೆದ ಹೆಡ್‌ಫೋನ್ ಹಾಕಿದರೆ ಕೈ ತಾನಾಗಿ ವಾಲ್ಯೂಮ್ ಕಡೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ನಲ್ಲಿ. ಸದ್ದು 3 ಡೆಸಿಬೆಲ್ ಏರಿದರೆ ಆ ಗಂಟೆಗಳು ಅರ್ಧಕ್ಕೆ ಇಳಿಯುತ್ತವೆ. ಹೊರಗಿನ ಸದ್ದು ಕಡಿಮೆ ಮಾಡಿದಷ್ಟೂ ಕಿವಿ ಉಳಿಯುತ್ತದೆ. ನನಗೆ ಇದು ದೊಡ್ಡ ಕಾರಣ.

ಸರಿ, ಸಾಮಾನು ಎಲ್ಲಿಂದ? ಬೆಂಗಳೂರಿನವರಿಗೆ ಎಸ್‌.ಪಿ. ರೋಡ್ ಇದೆ. ಬೇರೆ ಊರಿನವರು ಗುಜರಿ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ, ನೆಂಟರ ಮನೆಯ ಅಟ್ಟ ನೋಡಿ. ಕೀಲು ಮುರಿದು ಮೂಲೆ ಸೇರಿದ ಹೆಡ್‌ಫೋನಿನಲ್ಲಿ ಡ್ರೈವರ್ ಎರಡೂ ಚೆನ್ನಾಗಿಯೇ ಇರುತ್ತವೆ. ಒಂದೇ ಹೆಡ್‌ಫೋನಿನ ಜೋಡಿಯನ್ನೇ ತೆಗೆದುಕೊಳ್ಳಿ. ಒಂದು ಅಲ್ಲಿಂದ, ಒಂದು ಇಲ್ಲಿಂದ ತಂದು ಸೇರಿಸಿದರೆ ಎಡ ಬಲ ಒಂದಾಗುವುದೇ ಇಲ್ಲ. ತಲೆಪಟ್ಟಿಯೂ ಹಳೆಯದೇ ಸಾಕು, ಆದರೆ ಅದು ಬಿಗಿಯಾಗಿ ಹಿಡಿಯಬೇಕು. ಸಡಿಲ ಪಟ್ಟಿ ಅಂದರೆ ಸೋರುವ ಪ್ಯಾಡ್, ಸೋರುವ ಪ್ಯಾಡ್ ಅಂದರೆ ಬಾಸ್ ಇಲ್ಲ.

ಕಪ್ಪಿಗೆ ಹಾರ್ಡ್‌ವೇರ್ ಅಂಗಡಿಯ 90 ಮಿಲಿಮೀಟರ್ ಪಿವಿಸಿ ಪೈಪಿನ ಎಂಡ್ ಕ್ಯಾಪ್ ನನಗೆ ತುಂಬ ಇಷ್ಟ. ಗಟ್ಟಿ, ಅಗ್ಗ, ಎರಡೂ ಒಂದೇ ಅಳತೆ. ಡ್ರೈವರ್ ಕೂರಿಸುವ ಹಲಗೆಗೆ 3 ಮಿಲಿಮೀಟರ್ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಾಳೆ, ಸಾಕು. ತೆಂಗಿನ ಕರಟದಲ್ಲೂ ಮಾಡಬಹುದು, ಒಳಗೆ ಹೊರಗೆ ಉಪ್ಪುಕಾಗದ ಹಾಕಿ ಉಜ್ಜಿ. ಅದರ ಗುಣ ಏನೆಂದರೆ ಒಳಗೆ ಚಪ್ಪಟೆ ಗೋಡೆ ಇಲ್ಲ. ತೊಂದರೆ ಏನೆಂದರೆ ಒಂದೇ ಅಳತೆಯ ಎರಡು ಕರಟ ಹುಡುಕುವುದು ದೊಡ್ಡ ಕೆಲಸ. ಒಂದೇ ಕಾಯಿಯ ಎರಡು ಹೋಳುಗಳೂ ಒಂದೇ ಥರ ಇರುವುದಿಲ್ಲ, ಕಣ್ಣಿರುವ ಕಡೆಯದ್ದರ ಆಕಾರವೇ ಬೇರೆ. ಮರದ ಕಪ್ ಬೇಕು ಅನ್ನುವವರಿಗೆ ಚನ್ನಪಟ್ಟಣ ಇದೆ. ಹಾಲೆಮರವನ್ನು ಲೇತಿನಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವ ಆ ಕೈಗಳಿಗೆ ಒಂದು ಜೋಡಿ ಬಟ್ಟಲು ಕಡೆಯುವುದು ದೊಡ್ಡ ವಿಷಯವೇ ಅಲ್ಲ. ಒಂದು ಚಿತ್ರ, ಅಳತೆ ಬರೆದು ತೆಗೆದುಕೊಂಡು ಹೋಗಿ.

ದುಡ್ಡು ಹಾಕುವುದಾದರೆ ಪ್ಯಾಡಿಗೆ ಹಾಕಿ. ಹಳೆ ರೆಕ್ಸಿನ್ ಪ್ಯಾಡ್ ನಮ್ಮ ಸೆಕೆಗೆ, ಬೆವರಿಗೆ ಪುಡಿಪುಡಿಯಾಗಿ ಕಿವಿಗೆ ಅಂಟುತ್ತದೆ, ಅದನ್ನು ಉಳಿಸಿಕೊಳ್ಳಬೇಡಿ. ಮಖಮಲ್ಲಿನಂಥ ಬಟ್ಟೆ ಪ್ಯಾಡ್ ಹಿತ, ಆದರೆ ಅದರೊಳಗಿಂದ ಗಾಳಿ ಸೋರುತ್ತದೆ, ಬಾಸ್ ಇಳಿಯುತ್ತದೆ. ಪ್ಯಾಡಿನ ದಪ್ಪ ಬದಲಾದರೆ ಕಿವಿಗೂ ಡ್ರೈವರಿಗೂ ಇರುವ ದೂರ ಬದಲಾಗುತ್ತದೆ, ಅದರ ಜೊತೆ ತಾರಸ್ವರದ ಚಹರೆಯೇ ಬದಲಾಗುತ್ತದೆ. ಹಾಗಾಗಿ ಪ್ಯಾಡ್ ಮೊದಲು ನಿರ್ಧಾರ ಮಾಡಿ, ಆಮೇಲೆ ಟ್ಯೂನಿಂಗ್. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಟ್ಯೂನ್ ಮಾಡಿ, ಯಾಕೆಂದರೆ ಆ ಕಡ್ಡಿಯ ಪಕ್ಕದ ಸಣ್ಣ ಸಂದು ಸಾಕು, ನೀವು ಕಷ್ಟಪಟ್ಟು ತಂದ ಬಾಸ್ ಹೋಗಲು.

ವೈರಿಂಗ್ ಬೇಗ ಮುಗಿಸುತ್ತೇನೆ. ಒಳಗಿನ ಕೂದಲೆಳೆಯಂಥ ತಂತಿಗಳ ಮೇಲೆ ಎನಾಮಲ್ ಲೇಪ ಇರುತ್ತದೆ, ಅದನ್ನು ಬಿಸಿ ಸಾಲ್ಡರಿಂಗ್ ಐರನ್ನಿನಲ್ಲಿ ಸುಟ್ಟು ತೆಗೆಯದೆ ಬೆಸುಗೆ ಹಿಡಿಯುವುದಿಲ್ಲ. ಜ್ಯಾಕಿನ ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡ ಎರಡಕ್ಕೂ. ಪ್ಲಸ್ ಮೈನಸ್ ಗೊತ್ತಾಗದಿದ್ದರೆ 1.5 ವೋಲ್ಟಿನ ಸೆಲ್ ಒಂದು ಕ್ಷಣ ಮುಟ್ಟಿಸಿ, ಎರಡೂ ಪೊರೆ ಒಂದೇ ದಿಕ್ಕಿಗೆ ಅಲುಗಬೇಕು. ಒಂದು ಉಲ್ಟಾ ಆದರೆ ಹಾಡುವವರ ದನಿ ತಲೆಯ ನಡುವೆ ನಿಲ್ಲದೆ ಎಲ್ಲೆಲ್ಲೋ ಹರಡಿಹೋಗುತ್ತದೆ.

ಈಗ ನಿಜವಾದ ಕೆಲಸ.

ಮುಚ್ಚಿದ ಕಪ್ಪಿನ ಗಾಳಿ ಒಂದು ಸ್ಪ್ರಿಂಗ್. ಪೊರೆ ಹಿಂದೆ ಹೋದಾಗ ಅದು ತಳ್ಳುತ್ತದೆ, ಮುಂದೆ ಹೋದಾಗ ಎಳೆಯುತ್ತದೆ. ಕಪ್ ಚಿಕ್ಕದಾದಷ್ಟೂ ಈ ಸ್ಪ್ರಿಂಗ್ ಬಿಗಿ. ಬಿಗಿಯಾದಾಗ ಆಳದ ಬಾಸ್ ಇಳಿದು, ಅದರ ಮೇಲಿನ ಭಾಗ ಉಬ್ಬುತ್ತದೆ. ಡೊಂ ಡೊಂ ಅನ್ನುವ, ಕೇಳಿ ಸುಸ್ತಾಗುವ ಆ ಸದ್ದು ಇದೇ. ಕಪ್ ದೊಡ್ಡದು ಮಾಡಲು ಆಗದಿದ್ದರೆ ಹಿಂಬದಿಗೆ ಸೂಜಿಯಷ್ಟು ಸಣ್ಣ ತೂತು ಕೊರೆದು, ಅದರ ಮೇಲೆ ಮೆಡಿಕಲ್ ಸ್ಟೋರಿನ ಕಾಗದದ ಟೇಪ್, ಅದೇ ಗಾಯಕ್ಕೆ ಹಚ್ಚುವ ಮೈಕ್ರೋಪೋರ್, ಅಂಟಿಸಿ. ಅದರಲ್ಲಿ ಗಾಳಿ ಹಾಯುತ್ತದೆ, ಆದರೆ ನಿಧಾನವಾಗಿ. ಒಂದು ಪದರ, ಎರಡು ಪದರ, ಕೇಳುತ್ತಾ ಹೋಗಿ. ಡ್ರೈವರಿನ ಬೆನ್ನಿನಲ್ಲೂ ಸಣ್ಣ ತೂತುಗಳು ಇರುತ್ತವೆ, ಅವುಗಳ ಮೇಲೆ ಕಂಪನಿಯೇ ತೆಳು ಕಾಗದ ಅಂಟಿಸಿರುತ್ತದೆ. ಅದನ್ನು ಕಿತ್ತರೆ ಬಾಸ್ ಏರಿ ಸಡಿಲವಾಗುತ್ತದೆ. ಇನ್ನೊಂದು ಪದರ ಹಾಕಿದರೆ ಬಾಸ್ ಇಳಿದು ಬಿಗಿಯಾಗುತ್ತದೆ. ಈ ಕಾಗದದ ಚೂರು ಮಾಡುವ ವ್ಯತ್ಯಾಸ ಕೇಳಿದ ದಿನ ನೀವು ಡ್ರೈವರಿನ ಬೆಲೆ ಕೇಳುವುದನ್ನು ಬಿಡುತ್ತೀರಿ.

ಆಮೇಲೆ ಕಪ್ಪಿನೊಳಗಿನ ಪ್ರತಿಧ್ವನಿ. ಇದು ಬೇರೆಯದೇ ಸಮಸ್ಯೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕಪ್ 4 ಸೆಂಟಿಮೀಟರ್ ಆಳ ಇದ್ದರೆ ಡ್ರೈವರಿನ ಹಲಗೆಗೂ ಕಪ್ಪಿನ ತಳಕ್ಕೂ ನಡುವೆ ಸುಮಾರು 4,300 ಹರ್ಟ್ಸಿನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ, ಅಲೆ ನಿಂತುಬಿಡುತ್ತದೆ. ಅಗಲ 9 ಸೆಂಟಿಮೀಟರ್ ಆದರೆ ಅಡ್ಡಡ್ಡ 2,000 ಹರ್ಟ್ಸಿನ ಆಸುಪಾಸು. ಎರಡೂ ನಮ್ಮ ಕಿವಿ ಚುರುಕಾಗಿರುವ ಜಾಗದಲ್ಲೇ ಇವೆ. ಹೆಂಗಸರ ದನಿ ಚುಚ್ಚುವುದು, ವಯೊಲಿನ್ ಕೀರುವುದು, ಎಲ್ಲ ಕೊಳವೆಯೊಳಗಿಂದ ಬಂದ ಹಾಗೆ ಕೇಳುವುದು, ಕಾರಣ ಇದು. ಇದಕ್ಕೆ ಮದ್ದು ಉಣ್ಣೆಯ ಫೆಲ್ಟ್, ಹತ್ತಿ, ಹಳೆ ರಗ್ಗಿನ ತುಂಡು. ತಳಕ್ಕೆ ಒಂದು ಬಿಲ್ಲೆ, ಗೋಡೆಗೆ ಒಂದು ಸುತ್ತು, ನಡುವೆ ಬಿಡಿಸಿ ಹರಡಿದ ಹತ್ತಿ. ಆದರೆ ಹತ್ತಿ ತುಂಬಿ ಬಾಸ್ ಸರಿ ಮಾಡುತ್ತೇನೆ ಅಂತ ಹೊರಟರೆ ಆಗುವುದಿಲ್ಲ. 100 ಹರ್ಟ್ಸಿನ ಅಲೆಯ ಉದ್ದ 3 ಮೀಟರಿಗೂ ಜಾಸ್ತಿ, ಅರ್ಧ ಇಂಚಿನ ಹತ್ತಿ ಅದಕ್ಕೆ ಏನೂ ಮಾಡುವುದಿಲ್ಲ. ಬಾಸಿಗೆ ಗಾಳಿಯ ದಾರಿ, ಮಧ್ಯ ಮತ್ತು ತಾರಕ್ಕೆ ಹತ್ತಿ. ಇಷ್ಟು ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಹೋಯಿತು.

ಇನ್ನು ಕಪ್ಪಿನ ಗೋಡೆ. ಬೆರಳಿನಿಂದ ತಟ್ಟಿ ನೋಡಿ. ಟಣ್ ಅಂದರೆ ಅದು ಹಾಡಿನ ಜೊತೆ ತಾನೂ ಹಾಡುತ್ತಿದೆ. ಒಳಗಡೆ ಮಕ್ಕಳು ಆಡುವ ಕ್ಲೇ ಮೆತ್ತಿ, ಅಥವಾ ಕಾರಿನ ಬಾಗಿಲಿಗೆ ಹಾಕುವ ಬ್ಯುಟೈಲ್ ಹಾಳೆ ಅಂಟಿಸಿ, ಟಪ್ ಅನ್ನುವವರೆಗೆ. ಮೃದಂಗದವರು ಕಛೇರಿಗೆ ಮುಂಚೆ ಎಡಭಾಗಕ್ಕೆ ರವೆ ಮೆತ್ತಿ, ಒಂದು ಪೆಟ್ಟು ಹಾಕಿ, ಸ್ವಲ್ಪ ತೆಗೆದು, ಮತ್ತೆ ಮೆತ್ತುತ್ತಾರಲ್ಲ, ಅದೇ ಕೈಗುಣ ಇಲ್ಲೂ ಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಮಾಡಿದಿರಿ ಅಂತ ಬರೆದಿಡಿ. ಹೋಲಿಸುವಾಗ ಎರಡೂ ಒಂದೇ ಗಟ್ಟಿಯಲ್ಲಿ ಕೇಳಿ, ಯಾಕೆಂದರೆ ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅಂತ ನಮ್ಮ ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಮೃದಂಗ ಅಂದಾಗ ನೆನಪಾಯಿತು, ನನಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ಇನ್ನೊಂದಿಲ್ಲ. ಸಾಮಾನ್ಯ ಚರ್ಮದ ವಾದ್ಯದಲ್ಲಿ ಮೂಲ ಸ್ವರದ ಜೊತೆ ಹುಟ್ಟುವ ಮೇಲ್‌ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಭಾಗದ ಕರಣೆ, ಅಂದರೆ ನಡುವಿನ ಕಪ್ಪು ಲೇಪ, ಅವನ್ನು ಸಾಲಾಗಿ, ಶ್ರುತಿಗೆ ಹೊಂದುವ ಹಾಗೆ ಕೂರಿಸುತ್ತದೆ. ಸಿ.ವಿ. ರಾಮನ್ ಈ ವಿಷಯದ ಮೇಲೆ ಕೆಲಸ ಮಾಡಿ, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ವಿವರವಾಗಿ ಬರೆದರು. ನಿಮ್ಮ ಕಪ್ಪಿನಲ್ಲಿ ಒಂದು ಕಡೆ ಉಬ್ಬು ಇದ್ದರೆ ಆ ಸಾಲಿನಲ್ಲಿ ಒಂದು ಸ್ವರ ಮಾತ್ರ ಎದ್ದು ಕೂಗುತ್ತದೆ, ಬಲಗೈಯ ಪೆಟ್ಟು ಶ್ರುತಿ ಬಿಟ್ಟ ಹಾಗೆ ಕೇಳುತ್ತದೆ. ಎಡಗೈಯ ಗುಮಕಿ, ಅಂದರೆ ಚರ್ಮ ಒತ್ತಿ ದನಿ ಜಾರಿಸುವ ಪೆಟ್ಟು, ಜಾರುವಾಗ ದನಿ ಎಲ್ಲೂ ಉಬ್ಬದೆ, ಎಲ್ಲೂ ಕುಗ್ಗದೆ ಸಮನಾಗಿ ಸಾಗಿದರೆ ನಿಮ್ಮ ಬಾಸ್ ಸರಿಯಿದೆ. ತಂಬೂರಿಯ ಝೇಂಕಾರವೂ ಹಾಗೇ, ತಾರದಲ್ಲಿ ಎಲ್ಲಿ ಮೊನಚಿದೆ ಅಂತ ಕೂಡಲೇ ತೋರಿಸುತ್ತದೆ. ವಿದೇಶದವರು ಹೇಳಿದ ಅದೇ ಹತ್ತು ಹಾಡು ಹಾಕಿ ಪರೀಕ್ಷೆ ಮಾಡುವುದು ಸುಮ್ನೆ ಅಭ್ಯಾಸ. ನೀವು ಚಿಕ್ಕಂದಿನಿಂದ ಎದುರಿಗೆ ಕೂತು ಕೇಳಿದ ವಾದ್ಯ ಯಾವುದೋ ಅದನ್ನು ಹಾಕಿ.

ಅಳತೆ ಬೇಡ ಅಂತ ನಾನು ಹೇಳುತ್ತಿಲ್ಲ. ಆರ್‌ಇಡಬ್ಲ್ಯೂ ಅನ್ನುವ, ಸದ್ದು ಅಳೆಯುವ ಉಚಿತ ಸಾಫ್ಟ್‌ವೇರ್ ಇದೆ, ಒಂದು ಸಣ್ಣ ಮೈಕನ್ನು ಹಲಗೆಯ ತೂತಿನಲ್ಲಿ ಕೂರಿಸಿ, ಮೇಲೆ ಹೆಡ್‌ಫೋನ್ ಒತ್ತಿಟ್ಟರೆ ಗ್ರಾಫ್ ಬರುತ್ತದೆ. ಆದರೆ ಆ ಗ್ರಾಫನ್ನು ಹಾರ್ಮನ್ ಕರ್ವ್, ಅಂದರೆ ಹೆಚ್ಚು ಕೇಳುಗರಿಗೆ ಹಿಡಿಸುವ ನಾದದ ಮಾದರಿ ಗ್ರಾಫ್, ಅದರ ಪಕ್ಕ ಇಟ್ಟು ಅಳಬೇಡಿ. ಶಾನ್ ಆಲಿವ್ ಮತ್ತು ಅವರ ಜೊತೆಯವರು ಆ ಕರ್ವ್ ಕಟ್ಟಿದ್ದು ಕೃತಕ ಕಿವಿ ಇರುವ ಸಾಧನದ ಮೇಲೆ, ಕೇಳುಗರ ಇಷ್ಟವನ್ನು ಅಳೆದು. ನಿಮ್ಮ ಹಲಗೆಗೆ ಕಿವಿಯೂ ಇಲ್ಲ, 3,000 ಹರ್ಟ್ಸಿನ ಆಸುಪಾಸು ಸದ್ದನ್ನು ಎತ್ತಿಕೊಡುವ ಕಿವಿಯ ನಾಳವೂ ಇಲ್ಲ. ಹಲಗೆಯ ಮೈಕಿನಿಂದ ಎರಡು ಕೆಲಸ ಮಾತ್ರ ಚೆನ್ನಾಗಿ ಆಗುತ್ತವೆ. ಎಡ ಬಲ ಒಂದೇ ಇದೆಯಾ, ಮತ್ತು ಈಗ ಮಾಡಿದ ಬದಲಾವಣೆ ಏನು ಮಾಡಿತು. ಆ ಎರಡಕ್ಕೆ ಅದು ಬಂಗಾರ.

ಇಷ್ಟೆಲ್ಲ ಯಾಕೆ, ಫೋನಿನಲ್ಲಿ ಬಾಸ್, ತಾರ ಏರಿಸಿ ಇಳಿಸುವ ಈಕ್ವಲೈಜ಼ರ್ ಇದೆಯಲ್ಲ ಅನ್ನುವವರೂ ಇದ್ದಾರೆ. ಈಕ್ವಲೈಜ಼ರ್ ಒಳ್ಳೆಯದೇ, ಕೊನೆಯಲ್ಲಿ ಒಂದೆರಡು ಡೆಸಿಬೆಲ್ ಸರಿ ಮಾಡಲು ನಾನೂ ಬಳಸುತ್ತೇನೆ. ಆದರೆ ಸೋರುವ ಪ್ಯಾಡನ್ನು ಅದು ಮುಚ್ಚಲಾರದು. ತಲೆ ಅಲ್ಲಾಡಿಸಿದಾಗಲೆಲ್ಲ ಸೋರಿಕೆ ಬದಲಾಗುತ್ತದೆ, ಈಕ್ವಲೈಜ಼ರ್ ಇದ್ದಲ್ಲೇ ಇರುತ್ತದೆ. ಸೋರುವ ಕಪ್ಪಿಗೆ ಬಾಸ್ ಏರಿಸಿದರೆ ಪೊರೆ ಸುಮ್ಮನೆ ಒದ್ದಾಡುತ್ತದೆ, ಸದ್ದು ಒಡೆಯುತ್ತದೆ. ಮೊದಲು ಕೈಯಿಂದ ಆಗುವುದನ್ನು ಮಾಡಿ.

ಶುರು ಮಾಡುವವರು ಎರಡೂ ಕಪ್ ಒಟ್ಟಿಗೆ ಹಿಡಿಯಬೇಡಿ. ಎಡಭಾಗ ಒಂದನ್ನೇ ಪೂರ್ತಿ ಮಾಡಿ, ಟ್ಯೂನ್ ಮಾಡಿ, ಹಾಕಿದ ಹತ್ತಿಯನ್ನು ಹೊರಗೆ ತೆಗೆದು ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಬಲಕ್ಕೆ ಅದೇ ತೂಕ, ಅದೇ ಪದರ, ಅದೇ ತೂತು. ಕರಟದಲ್ಲಿ ಅಥವಾ ಹಾಲೆಮರದಲ್ಲಿ ಯಾರಾದರೂ ಮಾಡಿದ್ದರೆ ಕಪ್ಪಿನ ಆಳ, ಅಗಲ, ಹತ್ತಿಯ ತೂಕ, ಎಡ ಬಲದ ಗ್ರಾಫ್, ಇಷ್ಟನ್ನು ನನಗೆ ಕಳಿಸಿ. ಮುಂದಿನ ಸಲ ಅವುಗಳನ್ನೇ ಒಂದೊಂದಾಗಿ ಎತ್ತಿಕೊಂಡು ಮಾತಾಡೋಣ.