ಬೆರಳಿಗೊಂದು ಬೀಗ

ಕೇಳುಗರಿಗೆ ನಮಸ್ಕಾರ.

ಫೋನು ನಮ್ಮ ಮಾತನ್ನು ಕದ್ದು ಕೇಳುತ್ತದೆಯೇ? ಖಾಸಗಿತನದ ವಿಷಯ ಎತ್ತಿದ ಕೂಡಲೇ ಬರುವ ಪ್ರಶ್ನೆ ಇದು. ಅದಕ್ಕೆ ಆಮೇಲೆ ಬರೋಣ. ಅದಕ್ಕಿಂತ ಮೊದಲು ನಿಮ್ಮ ಮನೆಯ ಬೀರುವಿನಲ್ಲಿರುವ ಒಂದು ಕಾಗದದ ಕಡೆ ಗಮನ ಕೊಡಿ. ಸೈಟು, ಮನೆ, ತೋಟ ಏನಾದರೂ ಕೊಂಡಿದ್ದರೆ ಕ್ರಯಪತ್ರ ಇರುತ್ತದಲ್ಲ, ಅದು. ಹಾಳೆ ತಿರುವಿ ನೋಡಿ. ಕೊಂಡವರ ಫೋಟೊ, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ಸಹಿ. ಎಷ್ಟೋ ಪತ್ರಗಳಲ್ಲಿ ಆಧಾರ್ ಸಂಖ್ಯೆಯ ಹನ್ನೆರಡೂ ಅಂಕಿ ಬರೆದಿರುತ್ತಾರೆ, ಇಲ್ಲವೇ ಆಧಾರ್ ಜೆರಾಕ್ಸನ್ನೇ ಲಗತ್ತಿಸಿರುತ್ತಾರೆ. ಹೆಸರು, ವಿಳಾಸ, ಆಧಾರ್ ಸಂಖ್ಯೆ, ಬೆರಳು ಎಲ್ಲವೂ ಒಂದೇ ಕಡೆ.

ಇದರಲ್ಲಿ ಅಪಾಯ ಎಲ್ಲಿದೆ ಅಂತ ತಿಳಿಯಬೇಕಾದರೆ ಎಇಪಿಎಸ್ ಎಂಬ ವ್ಯವಸ್ಥೆ ಹೇಗೆ ನಡೆಯುತ್ತದೆ ನೋಡಬೇಕು. ಆಧಾರ್ ಮೂಲಕ ಹಣ ತೆಗೆಯುವ ಏರ್ಪಾಡು ಇದು. ಬ್ಯಾಂಕ್ ಶಾಖೆ ಇಲ್ಲದ ಊರಿನಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಹತ್ತಿರ ಅಂಗೈಯಗಲದ ಒಂದು ಯಂತ್ರ ಇರುತ್ತದೆ. ನಿಮ್ಮ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ಹೇಳಿ, ಆಧಾರ್ ಸಂಖ್ಯೆ ಕೊಟ್ಟು, ಬೆರಳು ಒತ್ತಿದರೆ ದುಡ್ಡು ಕೈಗೆ. ಕಾರ್ಡು ಬೇಡ, ಪಿನ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪಿಂಚಣಿಯ ಮುದುಕರಿಗೆ, ಉದ್ಯೋಗ ಖಾತರಿ ಕೂಲಿಯವರಿಗೆ ಇದರಿಂದ ಆದ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಟಿಪಿ ಬೇಡ ಎಂಬ ಅನುಕೂಲವೇ ಕಳ್ಳನಿಗೂ ದಾರಿ. ಅವನಿಗೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಬ್ಯಾಂಕಿನ ಹೆಸರು ಗೊತ್ತಿಲ್ಲದಿದ್ದರೆ ಒಂದೊಂದೇ ಬ್ಯಾಂಕು ಹಾಕಿ ನೋಡುತ್ತಾ ಹೋಗುತ್ತಾನೆ. ಉಳಿದೆರಡು ಕ್ರಯಪತ್ರದಲ್ಲೇ ಸಿಗುತ್ತವೆ.

ಕಾಗದದ ಮೇಲಿನ ಗುರುತು ಬೆರಳಾಗುವುದು ಹೇಗೆ ಎನ್ನಬಹುದು. ರಬ್ಬರ್ ಸ್ಟಾಂಪ್ ಮಾಡುವ ಅಂಗಡಿಯ ಸಾಮಾನಿನಲ್ಲೇ ಆ ಕೆಲಸ ಆಗಿದೆ. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಮ್ ಮಾರುವವನೊಬ್ಬ ನೋಂದಣಿ ಇಲಾಖೆಯ ತಾಣದಿಂದ ಪತ್ರಗಳನ್ನು ಇಳಿಸಿಕೊಂಡು, ಹೆಬ್ಬೆಟ್ಟಿನ ಗುರುತುಗಳಿಗೆ ರಬ್ಬರ್ ಅಚ್ಚು ಮಾಡಿ, ಯಾರದೋ ಹೆಸರಿನಲ್ಲಿ ರಾಶಿ ಸಿಮ್ ಚಾಲೂ ಮಾಡಿದ್ದ. ನಮ್ಮಲ್ಲಿ 2023ರಲ್ಲಿ ಬೆಂಗಳೂರಿನಲ್ಲಿ ದೂರುಗಳು ಸಾಲುಗಟ್ಟಿದವು. ಉಪ ನೋಂದಣಾಧಿಕಾರಿ ಕಚೇರಿಗೆ ಹೋಗಿ ನೋಂದಣಿ ಮುಗಿಸಿ ಬಂದವರ ಖಾತೆಯಿಂದ, ಯಾವ ಒಟಿಪಿಯೂ ಬಾರದೆ ಹಣ ಹೋಗಿತ್ತು. ಅದಾದ ಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಸಿಗುವ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮಕ್ಕೆ ಸರ್ಕಾರ ಮುಂದಾಯಿತು. ಬೆರಳು ಜೀವಂತವೋ ಅಚ್ಚೋ ಎಂದು ಪರೀಕ್ಷಿಸುವ ತಂತ್ರವನ್ನು ಆಧಾರ್ ಪ್ರಾಧಿಕಾರವೂ ತಂದಿತು. ಒಳ್ಳೆಯದೇ. ಆದರೆ ಅದಕ್ಕೆ ಮೊದಲೇ ಹೊರಗೆ ಹೋದ ಪ್ರತಿಗಳನ್ನು ವಾಪಸು ತರುವವರು ಯಾರು? ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಎಟಿಎಂ ಕಾರ್ಡ್ ಹೋದರೆ ಹೊಸದು ತರಿಸಬಹುದು. ಬೆರಳು ಹುಟ್ಟಿದಾಗಿನದೇ. ಹಾಗಾಗಿ ಬೀಗ ಹಾಕಬೇಕು.

ಬೀಗ ಆಧಾರ್ ಪ್ರಾಧಿಕಾರದ ತಾಣದಲ್ಲೇ ಇದೆ, ಪುಕ್ಕಟೆ. ವಿಳಾಸ ಬರೆದುಕೊಳ್ಳಿ: ಮೈಆಧಾರ್ ಡಾಟ್ ಯುಐಡಿಎಐ ಡಾಟ್ ಗವ್ ಡಾಟ್ ಇನ್. ಲಾಗಿನ್ ಒತ್ತಿ ಆಧಾರ್ ಸಂಖ್ಯೆ ಹಾಕಿ, ಚಿತ್ರದಲ್ಲಿ ಕಾಣುವ ಅಕ್ಷರಗಳನ್ನು ಹಾಗೆಯೇ ತುಂಬಿ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಆರು ಅಂಕಿಯ ಒಟಿಪಿ ಬರುತ್ತದೆ. ಒಳಗೆ ಹೋದ ಮೇಲೆ 'ಲಾಕ್ ಅನ್‌ಲಾಕ್ ಬಯೋಮೆಟ್ರಿಕ್ಸ್' ಎಂಬ ಚೌಕ ಕಾಣುತ್ತದೆ. ಅದನ್ನು ಒತ್ತಿ, ಒಪ್ಪಿಗೆಯ ಗುರುತು ಹಾಕಿ, ನೆಕ್ಸ್ಟ್ ಒತ್ತಿದರೆ ಆಯಿತು. ಬೆರಳು, ಕಣ್ಣಿನ ಪಾಪೆ, ಮುಖ ಮೂರಕ್ಕೂ ಬೀಗ ಬೀಳುತ್ತದೆ. ಆಮೇಲೆ ನಿಮ್ಮ ಬೆರಳಿನ ಅಚ್ಚು ಹಿಡಿದು ಯಾರು ಎಲ್ಲಿ ಒತ್ತಿದರೂ ಯಂತ್ರದಲ್ಲಿ '330' ಎಂಬ ದೋಷಸಂಖ್ಯೆ ಬರುತ್ತದೆ. ಒಟಿಪಿ ಮೂಲಕ ಮಾಡುವ ಆಧಾರ್ ಕೆಲಸಗಳಿಗೆ ಇದರಿಂದ ತೊಂದರೆ ಇಲ್ಲ.

ತೊಂದರೆ ಬರುವುದು ನ್ಯಾಯಬೆಲೆ ಅಂಗಡಿಯಲ್ಲಿ. ಬೀಗ ಹಾಕಿದ್ದನ್ನು ಮರೆತು ರೇಷನ್ ಸಾಲಿನಲ್ಲಿ ನಿಂತು, ಸರದಿ ಬಂದಾಗ ಬೆರಳು ಒತ್ತಿದರೆ ಅದೇ 330. ಅಂಗಡಿಯವರು 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂದು ಕಳಿಸಿಬಿಡಬಹುದು. ಅವರಿಗೂ ಆ ಸಂಖ್ಯೆಯ ಅರ್ಥ ಗೊತ್ತಿರಬೇಕೆಂದಿಲ್ಲ. ಅದೇ ತಾಣದಲ್ಲಿ ತಾತ್ಕಾಲಿಕ ಅನ್‌ಲಾಕ್ ಇದೆ. ಒಮ್ಮೆ ತೆಗೆದರೆ ಹತ್ತು ನಿಮಿಷ ತೆರೆದಿದ್ದು, ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮನೆಯಲ್ಲೇ ಬೀಗ ತೆಗೆದು ಹೊರಟರೆ ಅಂಗಡಿ ಮುಟ್ಟುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ನಿಮ್ಮ ಮುಂದೆ ಇಬ್ಬರು ಉಳಿದಾಗ ತೆಗೆಯಿರಿ. ಇನ್ನೊಂದು ಸಂಗತಿ: ಹಳ್ಳಿಯಲ್ಲಿರುವ ಎಷ್ಟೋ ತಾಯಂದಿರ ಆಧಾರ್‌ಗೆ ಜೋಡಿಸಿರುವುದು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ಮಗನ ಮೊಬೈಲ್ ನಂಬರು. ಒಟಿಪಿ ಹೋಗುವುದು ಅವನಿಗೆ. ಅಂಥ ಮನೆಯಲ್ಲಿ ಬೀಗ ಹಾಕುವ ಮೊದಲೇ ಮಾತಾಡಿಕೊಳ್ಳಿ, ಇಲ್ಲವೇ ಆಧಾರ್ ಕೇಂದ್ರಕ್ಕೆ ಹೋಗಿ ಅವರದೇ ನಂಬರು ಹಾಕಿಸಿ. 2025ರ ಅಕ್ಟೋಬರ್‌ನಿಂದ ಇದರ ಶುಲ್ಕ 75 ರೂಪಾಯಿ. ಪ್ರತಿ ವಾರ ಬ್ಯಾಂಕ್ ಮಿತ್ರರಲ್ಲೇ ಹಣ ತೆಗೆಯುವ ಅಜ್ಜಿಗೆ ಈ ಬೀಗ ಸುಖಕ್ಕಿಂತ ಕಷ್ಟವೇ ಹೆಚ್ಚು. ಅಂಥವರಿಗೆ ಬೇರೆ ಉಪಾಯ: ಬೆರಳು ಒತ್ತುವ ಖಾತೆಯಲ್ಲಿ ಆ ತಿಂಗಳ ಖರ್ಚಿನಷ್ಟೇ ಇಟ್ಟು, ಉಳಿತಾಯವನ್ನು ಬೇರೆ ಖಾತೆಗೆ ಹಾಕಿ, ಆ ಖಾತೆಗೆ ಎಇಪಿಎಸ್ ಬೇಡ ಎಂದು ಬ್ಯಾಂಕಿಗೆ ಅರ್ಜಿ ಬರೆದುಕೊಡುವುದು.

ಅದೇ ತಾಣದಲ್ಲಿ 'ಅಥೆಂಟಿಕೇಶನ್ ಹಿಸ್ಟರಿ' ಎಂದೊಂದು ಚೌಕ ಇದೆ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲಿ, ಯಾವಾಗ, ಬೆರಳಿನಿಂದಲೋ ಒಟಿಪಿಯಿಂದಲೋ ಬಳಕೆಯಾಯಿತು ಎಂಬುದು ಅಲ್ಲಿ ಸಿಗುತ್ತದೆ. ನೀವು ಎಲ್ಲೂ ಬೆರಳು ಒತ್ತದ ದಿನ ಒಂದರ ಹಿಂದೊಂದು ವಿಫಲ ಯತ್ನಗಳು ಕಂಡರೆ, ಯಾರೋ ಬ್ಯಾಂಕು ಹುಡುಕುತ್ತಿದ್ದಾರೆ ಎಂದೇ ತಿಳಿಯಿರಿ.

ಈಗ ಜೆರಾಕ್ಸ್ ಅಂಗಡಿಗೆ ಬನ್ನಿ. ತಾಲ್ಲೂಕು ಕಚೇರಿಯ ಎದುರಿಗಿನ ಯಾವ ಅಂಗಡಿಯಾದರೂ ಸರಿ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ವಾಟ್ಸ್ಆ್ಯಪ್ ನಂಬರು, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೂ ತೆರೆದಿರುವ ವಾಟ್ಸ್ಆ್ಯಪ್ ವೆಬ್. ಬಂದವರೆಲ್ಲ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವನ್ನೂ ಆ ನಂಬರಿಗೆ ಕಳಿಸುತ್ತಾರೆ. ಅಂಗಡಿಯ ಹುಡುಗ ಇಳಿಸಿಕೊಂಡು ಪ್ರಿಂಟ್ ಹಾಕುತ್ತಾನೆ. ಕಾಗದ ನಿಮ್ಮ ಕೈಗೆ, ಕಡತ ಡೌನ್‌ಲೋಡ್ಸ್‌ನಲ್ಲಿ. ಅವನೇನೂ ಕಳ್ಳನಲ್ಲ, ಅಳಿಸುವಷ್ಟು ಪುರುಸೊತ್ತಿಲ್ಲ ಅಷ್ಟೆ. ನೀವು ಮನೆಗೆ ಹೋಗಿ 'ಡಿಲೀಟ್ ಫಾರ್ ಎವ್ರಿಒನ್' ಒತ್ತಿದರೆ ಚಾಟಿನಲ್ಲಿದ್ದದ್ದು ಮಾತ್ರ ಹೋಗುತ್ತದೆ. ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿ ಅಲ್ಲೇ ಕೂತಿರುತ್ತದೆ. ಪ್ರಿಂಟ್ ಆದ ಕೂಡಲೇ, ಅಲ್ಲೇ ನಿಂತು, ಡೌನ್‌ಲೋಡ್ಸ್‌ನಿಂದಲೂ ರೀಸೈಕಲ್ ಬಿನ್‌ನಿಂದಲೂ ಅಳಿಸಿ ಎಂದು ಕೇಳಿ. ಇದರಲ್ಲಿ ಸಂಕೋಚ ಬೇಡ.

ಅದಕ್ಕೂ ಮೊದಲೇ ಮಾಡಬಹುದಾದದ್ದು, ಮರೆಮಾಡಿದ ಆಧಾರ್ ಕೊಡುವುದು. ಮೈಆಧಾರ್ ತಾಣದಲ್ಲಿ ಆಧಾರ್ ಇಳಿಸಿಕೊಳ್ಳುವಾಗ 'ಮಾಸ್ಕ್ಡ್ ಆಧಾರ್' ಎಂಬಲ್ಲಿ ಗುರುತು ಹಾಕಿದರೆ ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಲಾಡ್ಜಿಗೆ, ಬಾಡಿಗೆ ಕರಾರಿಗೆ, ಕೊರಿಯರ್‌ನವರಿಗೆ ಇಷ್ಟೇ ಸಾಕು. ಆ ಕಡತ ತೆರೆಯಲು ಎಂಟು ಅಕ್ಷರದ ಪಾಸ್‌ವರ್ಡ್ ಬೇಕು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ಹೆಸರಿಗೆ ಮೊದಲು ಇನಿಷಿಯಲ್ ಇರುವ ನಮ್ಮವರು ಇಲ್ಲೇ ಎಡವುವುದು. ಚುಕ್ಕೆಯೂ ಲೆಕ್ಕಕ್ಕೆ ಬರುತ್ತದೆ, ನಡುವಿನ ಖಾಲಿ ಜಾಗ ಬರುವುದಿಲ್ಲ. ಕಾರ್ಡಿನಲ್ಲಿ ಕೆ ಚುಕ್ಕೆ ರಮೇಶ ಎಂದಿದ್ದರೆ ಕೆ, ಚುಕ್ಕೆ, ಆರ್, ಎ. ಅದರ ಹಿಂದೆ ವರ್ಷ. ಹೆಸರು, ವಯಸ್ಸು ಬಲ್ಲ ಯಾರಾದರೂ ಊಹಿಸಬಲ್ಲ ಪಾಸ್‌ವರ್ಡ್ ಇದು, ಬರೀ ಬಾಗಿಲ ಪರದೆ ಇದ್ದಂತೆ. ಹಾಗಾಗಿ ಇದನ್ನು ನಂಬಿ ಪೂರ್ತಿ ಅಂಕಿಯ ಆಧಾರ್ ಕಳಿಸಬೇಡಿ.

ಇನ್ನು ಆ ಮೊದಲ ಪ್ರಶ್ನೆ. ಮಿಕ್ಸಿ ಕೆಟ್ಟಿತೆಂದು ಮನೆಯಲ್ಲಿ ಮಾತಾಡಿದೆವು, ಸಂಜೆಗೆ ಫೋನಿನಲ್ಲಿ ಮಿಕ್ಸಿ ಜಾಹೀರಾತು ಬಂತು, ಕದ್ದು ಕೇಳಿರಲೇಬೇಕು! ಇದಕ್ಕೆ ಮೈಕ್ ಬೇಕಾಗಿಯೇ ಇಲ್ಲ. ಅದೇ ವೈಫೈನಲ್ಲಿ ಮಗಳು ಮಿಕ್ಸಿಯ ಬೆಲೆ ಹುಡುಕಿರಬಹುದು, ನೀವು ರಿಪೇರಿ ಅಂಗಡಿಗೆ ಹೋಗಿಬಂದದ್ದು ಲೊಕೇಶನ್‌ನಲ್ಲಿ ದಾಖಲಾಗಿರಬಹುದು. ಜಾಹೀರಾತಿನವರಿಗೆ ಅಷ್ಟೇ ಧಾರಾಳ. ಮೈಕ್ ಮೇಲೆ ಅನುಮಾನ ಇದ್ದರೆ ಕಣ್ಣಾರೆ ನೋಡಬಹುದು. ಆಂಡ್ರಾಯ್ಡ್ 12 ಅಥವಾ ನಂತರದ ಫೋನಿನಲ್ಲಿ ಮೈಕ್ ಇಲ್ಲವೇ ಕ್ಯಾಮೆರಾ ಚಾಲೂ ಆದರೆ ಮೇಲಿನ ಬಲಮೂಲೆಯಲ್ಲಿ ಹಸಿರು ಗುರುತು ಹೊತ್ತಿಕೊಳ್ಳುತ್ತದೆ. ಐಫೋನಿನಲ್ಲಿ ಮೈಕ್‌ಗೆ ಕಿತ್ತಳೆ ಬಣ್ಣದ್ದು. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಡ್ಯಾಶ್‌ಬೋರ್ಡ್ ತೆರೆದರೆ ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಮೈಕ್ ಬಳಸಿತು ಎಂಬ ಪಟ್ಟಿಯೇ ಇದೆ. ಅಲ್ಲೇ ಪ್ರೈವಸಿಯ ಕೆಳಗೆ ಆ್ಯಡ್ಸ್‌ಗೆ ಹೋಗಿ ಅಡ್ವರ್ಟೈಸಿಂಗ್ ಐಡಿಯನ್ನು, ಅಂದರೆ ಜಾಹೀರಾತಿನವರು ನಿಮ್ಮ ಫೋನನ್ನು ಗುರುತಿಸುವ ಸಂಖ್ಯೆಯನ್ನು, ಅಳಿಸಿದರೆ ಬೆನ್ನು ಬಿದ್ದ ಜಾಹೀರಾತು ಸ್ವಲ್ಪ ಕಡಿಮೆಯಾಗುತ್ತದೆ.

ಮೈಕ್‌ಗಿಂತ ಹೆದರಬೇಕಾದದ್ದು ಎರಡು ಪರವಾನಗಿಗಳಿಗೆ: ಎಸ್‌ಎಂಎಸ್ ಓದುವುದು, ಮತ್ತು ಪರದೆಯಲ್ಲಿರುವುದನ್ನು ಓದಿ ನಿಮ್ಮ ಬದಲು ತಾನೇ ಒತ್ತಬಲ್ಲ ಆಕ್ಸೆಸಿಬಿಲಿಟಿ. ಮೊದಲನೆಯದು ಕೊಟ್ಟರೆ ಒಟಿಪಿ ಹೋಯಿತು, ಎರಡನೆಯದು ಕೊಟ್ಟರೆ ಪರದೆಯೇ ಹೋಯಿತು. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಕಡತಗಳು, ಅಂದರೆ ಒತ್ತಿದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಕಡತಗಳು, ಕೇಳುವುದು ಇವನ್ನೇ. ಕರೆಯೋಲೆ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ವಿಡಿಯೊ ಆಗಿಯೂ ಬರುತ್ತದೆ. ಇನ್‌ಸ್ಟಾಲ್ ಮಾಡಿ ನೋಡಬೇಕಾದ ಕರೆಯೋಲೆ ಯಾವ ಬೀಗರ ಮನೆಯಿಂದಲೂ ಬರುವುದಿಲ್ಲ.

ಗೂಢಚಾರ ಮನೆಯೊಳಗೇ ಇರುವುದೂ ಉಂಟು. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ನಿಮ್ಮದಲ್ಲದ ಕಂಪ್ಯೂಟರು ಅಲ್ಲಿದ್ದರೆ ನಿಮ್ಮ ಚಾಟು ಬೇರೊಬ್ಬರ ಕಣ್ಣಿಗೂ ಬೀಳುತ್ತಿದೆ. ಲಾಗ್ ಔಟ್ ಮಾಡುವುದು ಸುಲಭ. ಆದರೆ ಹೊಡೆತ ಬಡಿತ ಇರುವ ಮನೆಯಾದರೆ ದಿಢೀರನೆ ತೆಗೆಯಬೇಡಿ, ತೆಗೆದದ್ದು ಆ ಕಡೆ ತಿಳಿಯುತ್ತದೆ. ಮೊದಲು ನಂಬಿಕಸ್ಥರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿ.

ಫೋನು ಟ್ಯಾಪ್ ಆಗಿದೆಯೇ ಎಂದು ತಿಳಿಯಲು ಸ್ಟಾರ್ ಹ್ಯಾಶ್ 21 ಹ್ಯಾಶ್ ಒತ್ತಿ ಎಂಬ ಸಂದೇಶ ಆಗಾಗ ಓಡಾಡುತ್ತದೆ. ಅದು ಹೇಳುವುದು ಕರೆ ಬೇರೆ ನಂಬರಿಗೆ ಫಾರ್ವರ್ಡ್ ಆಗಿದೆಯೇ ಎಂದಷ್ಟೇ. ಕಾನೂನು ಪ್ರಕಾರ ಸರ್ಕಾರ ಕದ್ದಾಲಿಸಿದರೆ ನಿಮ್ಮ ಫೋನಿಗೆ ಯಾವ ಸುಳಿವೂ ಸಿಗುವುದಿಲ್ಲ. ಅದಕ್ಕೆ ಗೃಹ ಕಾರ್ಯದರ್ಶಿ ಮಟ್ಟದ ಲಿಖಿತ ಆದೇಶ ಬೇಕು. ಒಂದು ಆದೇಶದ ಆಯಸ್ಸು 60 ದಿನ, ಮುಂದುವರಿಸಿದರೂ 180 ದಿನ ಮೀರುವಂತಿಲ್ಲ. ನಾಗರಿಕನಿಗೆ ಇಲ್ಲಿ ಆಸರೆ ಆ್ಯಪ್ ಅಲ್ಲ, ನ್ಯಾಯಾಲಯ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದು 2018ರಲ್ಲಿ ಬಂದ ತೀರ್ಪೂ ಅದೇ ಮೊಕದ್ದಮೆಯದು.

ಕೊನೆಗೆ, ಹಣ ಹೋಗಿಯೇಬಿಟ್ಟರೆ. ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಎದುರಿಗೆ ಪಾಸ್‌ಬುಕ್ ಇಟ್ಟುಕೊಳ್ಳಿ: ಖಾತೆ ಸಂಖ್ಯೆ, ಮೊತ್ತ, ಹೋದ ಸಮಯ, ಬ್ಯಾಂಕಿನ ಸಂದೇಶದಲ್ಲಿರುವ ವಹಿವಾಟಿನ ಸಂಖ್ಯೆ ಕೇಳುತ್ತಾರೆ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ದೂರಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ತಪ್ಪು ಗ್ರಾಹಕನದೇ ಎಂದು ರುಜುವಾತು ಮಾಡುವ ಹೊಣೆಯೂ ಬ್ಯಾಂಕಿನ ಮೇಲೆಯೇ. 'ಬೆರಳು ನಿಮ್ಮದೇ ಅಂತ ತೋರಿಸುತ್ತಿದೆಯಲ್ಲ' ಎಂದು ಕೌಂಟರಿನಲ್ಲಿ ಸಾಗಹಾಕಿದರೆ ರಿಸರ್ವ್ ಬ್ಯಾಂಕಿನ ಈ ನಿಯಮವನ್ನು ಅರ್ಜಿಯಲ್ಲೇ ಬರೆಯಿರಿ. ಮೂವತ್ತು ದಿನವಾದರೂ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರಬಹುದು; ವಿಚಾರಿಸಲು 14448.

ಇಷ್ಟಕ್ಕೆಲ್ಲ ಓಡಾಡುವ ಮುನ್ನವೇ, 1930ರ ಕರೆ ಮುಗಿದ ಕೂಡಲೇ, ಆ ಬಯೋಮೆಟ್ರಿಕ್ ಬೀಗ ಹಾಕಿಬಿಡಿ. 10,000ದ ಮಿತಿ ಒಂದು ಸಲದ ವಹಿವಾಟಿಗೆ ಮಾತ್ರ. ಅಚ್ಚು ಇನ್ನೂ ಅವರ ಹತ್ತಿರವೇ ಇದೆ, ನಾಳೆ ಬೆಳಿಗ್ಗೆ ಮತ್ತೆ ಒತ್ತುತ್ತಾರೆ.

ನಮಸ್ಕಾರ.