ಯಾವ ಪೇಪರ್ ಬೇಕು ನಿಮಗೆ?

ಕೇಳುಗರಿಗೆ ನಮಸ್ಕಾರ.

ಮನೆಯವರೊಬ್ಬರನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ ಅಂತ ಇಟ್ಟುಕೊಳ್ಳಿ. ಅಣ್ಣನೋ, ಮಗನೋ, ಯಾರೋ ಒಬ್ಬರು. ನೀವು ಗಾಬರಿಯಲ್ಲಿ ಠಾಣೆಗೆ ಓಡಿಹೋಗುತ್ತೀರಿ. ಬಾಗಿಲಲ್ಲಿ ಸೆಂಟ್ರಿ, ಒಳಗೆ ಸ್ಟೇಷನ್ ರೈಟರ್. "ಸಾರ್, ನಮ್ಮ ಹುಡುಗನ ಪೇಪರ್ ಕೊಡಿ" ಅನ್ನುತ್ತೀರಿ. ರೈಟರ್ ತಲೆ ಎತ್ತದೆ ಕೇಳುತ್ತಾರೆ: "ಯಾವ ಪೇಪರ್?"

ಅಲ್ಲಿಗೆ ನಿಮ್ಮ ಮಾತು ನಿಂತುಹೋಗುತ್ತದೆ. ಸುಮ್ನೆ ಸತಾಯಿಸುತ್ತಿದ್ದಾರೆ ಅಂತ ಅನ್ನಿಸಬಹುದು. ಕೆಲವು ಸಲ ಅದೂ ನಿಜ. ಆದರೆ ಪ್ರಶ್ನೆ ಮಾತ್ರ ಸರಿಯಾದದ್ದೇ. ನಮ್ಮಲ್ಲಿ 'ಅರೆಸ್ಟ್ ರೆಕಾರ್ಡ್' ಅನ್ನುವ ಒಂದೇ ಕಾಗದ ಇಲ್ಲ. ನಾಲ್ಕೈದು ಕಾಗದಗಳಿವೆ. ಒಂದೊಂದಕ್ಕೂ ಬೇರೆ ಹೆಸರು, ಬೇರೆ ಜಾಗ. ಹೆಸರು ಹಿಡಿದು ಕೇಳಿದವರಿಗೆ ಬೇಗ ಸಿಗುತ್ತದೆ.

ಮೊದಲನೆಯದು ಎಫ್‌ಐಆರ್. ಪ್ರಥಮ ವರ್ತಮಾನ ವರದಿ. ಇದು ಅರೆಸ್ಟಿನ ಕಾಗದವೇ ಅಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿಯುತ್ತಾರೆ. ಇಂಥದ್ದೊಂದು ಅಪರಾಧ ನಡೆದಿದೆ ಅಂತ ಯಾರೋ ಹೇಳಿದರು, ಅದನ್ನು ಬರೆದುಕೊಂಡೆವು, ಅಷ್ಟೇ ಅದರ ಅರ್ಥ. ಎಫ್‌ಐಆರ್‌ನಲ್ಲಿ ಹೆಸರಿದ್ದೂ ಅರೆಸ್ಟ್ ಆಗದವರು ಸಾವಿರಾರು ಜನ ಇದ್ದಾರೆ. ಹೆಸರಿಲ್ಲದೆಯೂ ಆಮೇಲೆ ಅರೆಸ್ಟ್ ಆದವರಿದ್ದಾರೆ.

ಇದನ್ನು ಪಡೆಯುವುದು ಈಗ ಸುಲಭ. ದೂರು ಕೊಟ್ಟವರಿಗೆ ಪ್ರತಿಯನ್ನು ಪುಕ್ಕಟೆಯಾಗಿ ಕೊಡಲೇಬೇಕು. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹಾಗೆ ಹೇಳುತ್ತದೆ. ದೂರು ಕೊಟ್ಟವರಿಗಷ್ಟೇ ಅಲ್ಲ, ನೊಂದವರಿಗೂ ಕೊಡಬೇಕು. ಆರೋಪಿ ಕಡೆಯವರಾದರೆ? 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಸ್ಪಷ್ಟ ಮಾಡಿತು. ಆರೋಪಿಯೋ, ಅವನ ಪರವಾಗಿ ಬೇರೆಯವರೋ ಅರ್ಜಿ ಹಾಕಿದರೆ 24 ಗಂಟೆಯೊಳಗೆ ಪ್ರತಿ ಕೊಡಬೇಕು. ಎಫ್‌ಐಆರ್ ಆದ 24 ಗಂಟೆಯೊಳಗೆ ಅದನ್ನು ಇಲಾಖೆಯ ವೆಬ್‌ಸೈಟಿಗೂ ಹಾಕಬೇಕು. ನೆಟ್‌ವರ್ಕ್ ಸರಿಯಿಲ್ಲದ ಕಡೆ ಹೆಚ್ಚೆಂದರೆ 72 ಗಂಟೆ. ಕರ್ನಾಟಕ ಪೊಲೀಸರ ವೆಬ್‌ಸೈಟಿನಲ್ಲಿ ಎಫ್‌ಐಆರ್ ಹುಡುಕುವ ಜಾಗ ಇದೆ. ಜಿಲ್ಲೆ, ಠಾಣೆ, ವರ್ಷ, ಎಫ್‌ಐಆರ್ ನಂಬರ್ ಇವಿಷ್ಟು ಕೈಯಲ್ಲಿರಲಿ. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ದೌರ್ಜನ್ಯ, ಭಯೋತ್ಪಾದನೆ ಇಂಥ ಪ್ರಕರಣಗಳು ಅಲ್ಲಿ ಕಾಣಿಸುವುದಿಲ್ಲ. ಕಾಣದಿದ್ದರೆ ಕೇಸೇ ಇಲ್ಲ ಅಂದುಕೊಳ್ಳಬೇಡಿ.

ಎಫ್‌ಐಆರ್ ಓದುವಾಗ ಜನ ನೇರ ಕಥೆಗೆ ಹೋಗುತ್ತಾರೆ. ಯಾರು ಯಾರಿಗೆ ಬೈದರು, ಯಾರು ಕಲ್ಲು ಎತ್ತಿದರು ಅಂತ. ನಾನು ಮೊದಲು ಕಲಂಗಳನ್ನು ನೋಡುತ್ತೇನೆ. ಬೇಲಿ ಜಗಳದ ಕೇಸುಗಳಲ್ಲಿ 504 ಅಂದರೆ ಬೇಕೆಂದೇ ಅವಮಾನ, 506 ಅಂದರೆ ಬೆದರಿಕೆ, ಜೊತೆಗೆ 34 ಅಂದರೆ ಹಲವರು ಸೇರಿ ಮಾಡಿದ್ದು ಅಂತ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿತ್ತು. ಈಗ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದೇ ಆರೋಪಗಳು 352, 351(2), ಜೊತೆಗೆ 3(5) ಅಂತ ಬರುತ್ತವೆ. ನಾಲ್ಕುನೂರ ಇಪ್ಪತ್ತು ಅನ್ನುವ ಬೈಗುಳ ಉಳಿದಿದೆ, ಕಲಂ ಮಾತ್ರ 318(4) ಆಗಿದೆ. 2024ರ ಜುಲೈಗೆ ಮೊದಲು ನಡೆದ ಘಟನೆಯಾದರೆ ಹಳೆಯ ನಂಬರುಗಳೇ ಇರುತ್ತವೆ. ಕಲಂ ಯಾಕೆ ಮುಖ್ಯ? ಜಾಮೀನು ಹಕ್ಕೋ, ಕೋರ್ಟಿನ ಮರ್ಜಿಯೋ ಅನ್ನುವುದು ಕಲಂ ಮೇಲೆ ನಿಂತಿದೆ. ಠಾಣೆಯಲ್ಲೇ ಜಾಮೀನು ಸಿಗುವ ಕೇಸಿಗೆ ಮನೆಯವರು ರಾತ್ರಿಯಿಡೀ ಅತ್ತಿದ್ದನ್ನು ನಾನು ನೋಡಿದ್ದೇನೆ.

ಎರಡನೆಯದೇ ನಿಜವಾದ ಅರೆಸ್ಟ್ ಕಾಗದ. ದಸ್ತಗಿರಿ ಮೆಮೊ. ಇದರ ಹಿಂದೆ ಒಂದು ಪತ್ರದ ಕಥೆ ಇದೆ. 1986ರ ಆಗಸ್ಟ್‌ನಲ್ಲಿ ಡಿ.ಕೆ. ಬಸು ಅನ್ನುವವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಅವರು ಪಶ್ಚಿಮ ಬಂಗಾಳದಲ್ಲಿ ಕಾನೂನು ನೆರವಿನ ಸಂಸ್ಥೆಯೊಂದರ ಮುಖ್ಯಸ್ಥರು. ಲಾಕಪ್ಪಿನಲ್ಲಿ ಜನ ಸಾಯುತ್ತಿದ್ದಾರೆ ಅಂತ ಪೇಪರಿನಲ್ಲಿ ಬಂದ ಸುದ್ದಿಗಳೇ ಆ ಪತ್ರಕ್ಕೆ ಕಾರಣ. ಕೋರ್ಟ್ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡಿತು. ತೀರ್ಪು ಬರುವಾಗ 1996ರ ಡಿಸೆಂಬರ್. ಹತ್ತು ವರ್ಷ ಹಿಡಿದರೂ ಸಣ್ಣ ತೀರ್ಪಲ್ಲ ಅದು. ಯಾರನ್ನೇ ಹಿಡಿದರೂ ಸ್ಥಳದಲ್ಲೇ ಮೆಮೊ ಬರೆಯಬೇಕು, ದಿನಾಂಕ ಮತ್ತು ಸಮಯ ಹಾಕಬೇಕು, ಮನೆಯವರೋ ಆ ಊರಿನ ಗೌರವಸ್ಥರೋ ಒಬ್ಬರಾದರೂ ಸಾಕ್ಷಿ ಸಹಿ ಹಾಕಬೇಕು, ಬಂಧಿತನೂ ಸಹಿ ಹಾಕಬೇಕು ಅಂತ ಹೇಳಿತು. ಹಿಡಿಯಲು ಬಂದ ಪೊಲೀಸರ ಹೆಸರಿನ ಬಿಲ್ಲೆ ಕಾಣುವ ಹಾಗಿರಬೇಕು ಅಂತಲೂ ಹೇಳಿತು. ಸಾಕ್ಷಿ, ಸಹಿ, ಹೆಸರಿನ ಬಿಲ್ಲೆ ಇವೆಲ್ಲ ಈಗ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂನಲ್ಲಿವೆ.

ಈ ಮೆಮೊದಲ್ಲಿ ನೀವು ಬೇರೇನನ್ನೂ ಓದದಿದ್ದರೂ ಒಂದನ್ನು ಓದಿ. ಸಮಯ.

ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯೇ ಇದನ್ನು ಹೇಳುತ್ತದೆ. ದಾರಿಯ ಪ್ರಯಾಣದ ಸಮಯ ಮಾತ್ರ ಲೆಕ್ಕಕ್ಕಿಲ್ಲ. ಹಾಗಾಗಿ ಗಡಿಯಾರ ಎಲ್ಲಿಂದ ಶುರುವಾಯಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ರಾತ್ರಿ ಒಂಬತ್ತಕ್ಕೆ ಮನೆಯಿಂದ ಕರೆದುಕೊಂಡು ಹೋಗಿರುತ್ತಾರೆ. ಮೆಮೊದಲ್ಲಿ ಮಾರನೇ ದಿನ ಮಧ್ಯಾಹ್ನ ಮೂರು ಗಂಟೆ, ಬಸ್ ನಿಲ್ದಾಣದ ಹತ್ತಿರ ದಸ್ತಗಿರಿ ಅಂತ ಇರುತ್ತದೆ. ನಡುವಿನ ಹದಿನೆಂಟು ಗಂಟೆ ಎಲ್ಲಿಗೆ ಹೋಯಿತು? 'ವಿಚಾರಣೆಗೆ ಕರೆಸಿದ್ದೆವು' ಅನ್ನುತ್ತಾರೆ. ಎಲ್ಲ ಠಾಣೆಯಲ್ಲೂ ಹೀಗೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆದಾಗ ನಿಮ್ಮ ಕೈಯಲ್ಲಿ ಏನಿರುತ್ತದೆ ಅನ್ನುವುದು ಮುಖ್ಯ. ಕರೆದುಕೊಂಡು ಹೋದ ಕೂಡಲೇ ನೆಂಟರಿಗೆ ಒಂದು ಮೆಸೇಜ್ ಹಾಕಿ. ಎಷ್ಟು ಗಂಟೆ, ಯಾವ ಗಾಡಿ, ಎಷ್ಟು ಜನ. ಆ ಮೆಸೇಜಿನ ಸಮಯವನ್ನು ಆಮೇಲೆ ಯಾರೂ ತಿದ್ದಲಾಗುವುದಿಲ್ಲ. 112ಕ್ಕೆ ಫೋನ್ ಮಾಡಿ ಕೇಳಿದರೂ ಆ ಕರೆಯ ಸಮಯ ಉಳಿಯುತ್ತದೆ.

ಮೆಮೊಗೆ ಸಹಿ ಹಾಕು ಅಂತ ನಿಮ್ಮನ್ನೇ ಕರೆದರೆ ಖಾಲಿ ಜಾಗ ಇರುವ ಕಾಗದಕ್ಕೆ ಸಹಿ ಹಾಕಬೇಡಿ. ಓದಿ, ನಿಮ್ಮ ಸಹಿಯ ಕೆಳಗೆ ನೀವೇ ದಿನಾಂಕ, ಸಮಯ ಬರೆಯಿರಿ. ತಗಾದೆ ಮಾಡಿದರೆ ಹಾಗೇ ಬಿಡಬೇಡಿ, ಮೆತ್ತಗೆ ಮತ್ತೊಮ್ಮೆ ಕೇಳಿ.

ಇದರ ಜೊತೆಗೆ ಇನ್ನೊಂದು ಕಾಗದ ಇದೆ, ದಸ್ತಗಿರಿಯ ಕಾರಣಗಳು. ಯಾಕೆ ಹಿಡಿದೆವು ಅನ್ನುವುದನ್ನು ಬಂಧಿತನಿಗೆ ಬರವಣಿಗೆಯಲ್ಲಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎಲ್ಲ ಅಪರಾಧಗಳಿಗೂ ಅನ್ವಯಿಸಿತು. ಸ್ಥಳದಲ್ಲೇ ಬರೆದುಕೊಡಲು ಆಗದಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು. ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲದವನಿಗೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆ ಕೊಟ್ಟರೆ ಅದು ಕೊಟ್ಟ ಹಾಗಲ್ಲ.

ಯಾವ ಠಾಣೆಯಲ್ಲಿದ್ದಾನೆ ಅನ್ನುವುದೇ ಗೊತ್ತಾಗದಿದ್ದರೆ? ಯಾರನ್ನು ಹಿಡಿದಿದ್ದಾರೆ, ಎಲ್ಲಿಯವರು, ಯಾವ ಅಪರಾಧ ಅನ್ನುವ ಮಾಹಿತಿಯನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಜನರಿಗೆ ಕಾಣುವ ಹಾಗೆ ಹಾಕಬೇಕು. ಅದಕ್ಕೇ ಅಂತ ಒಬ್ಬ ಅಧಿಕಾರಿ ಇರಬೇಕು, ಎಎಸ್‌ಐಗಿಂತ ಕೆಳಗಿನವರಲ್ಲ. ಇದು ಅದೇ ಸುರಕ್ಷಾ ಸಂಹಿತೆಯ 37ನೇ ಕಲಂ. ಬೋರ್ಡ್ ಕಾಣಿಸದಿದ್ದರೆ "ಮೂವತ್ತೇಳರ ಅಧಿಕಾರಿ ಯಾರು ಸಾರ್?" ಅಂತ ಕೇಳಿ ನೋಡಿ. ಆ ಪ್ರಶ್ನೆ ಕೇಳುವವರು ಕಡಿಮೆ, ಹಾಗಾಗಿ ಕೇಳಿದವರ ಕಡೆಗೆ ತಲೆ ಎತ್ತಿ ನೋಡುತ್ತಾರೆ. ಎಲ್ಲೂ ಸುಳಿವಿಲ್ಲದೆ ದಿನ ಕಳೆದರೆ ವಕೀಲರ ಮೂಲಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವುದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಠಾಣೆಗೆ ಬಾ ಅಂತ ಅದೇ ಸಂಹಿತೆಯ 35(3)ರ ನೋಟಿಸ್ ಬಂದರೆ ಅದು ಅರೆಸ್ಟ್ ಅಲ್ಲ. ಹಳೆಯ 41ಎ ನೋಟಿಸೇ ಇದು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ಬದಲು ನೋಟಿಸ್ ಕೊಡುತ್ತಾರೆ. ಹೇಳಿದ ದಿನ ಹೋಗಿ ಬಂದರಾಯಿತು. ಹೋಗದಿದ್ದರೆ ಅರೆಸ್ಟಿನ ದಾರಿ ತೆರೆಯುತ್ತದೆ. ಊರಲ್ಲಿ ಅಷ್ಟರೊಳಗೆ 'ಅವನನ್ನು ಅರೆಸ್ಟ್ ಮಾಡಿದರಂತೆ' ಅಂತ ಸುದ್ದಿಯಾಗಿರುತ್ತದೆ, ಅದು ಬೇರೆ ವಿಷಯ.

ಮೂರನೆಯ ಕಾಗದ ಕೋರ್ಟಿನಲ್ಲಿರುತ್ತದೆ. ರಿಮಾಂಡ್ ಅರ್ಜಿ. ಆರೋಪಿಯನ್ನು ಕಸ್ಟಡಿಗೆ ಕೊಡಿ ಅಂತ ಪೊಲೀಸರು ಮ್ಯಾಜಿಸ್ಟ್ರೇಟರಿಗೆ ಬರೆಯುವುದು. ದಸ್ತಗಿರಿ ಮೆಮೊ, ವೈದ್ಯಕೀಯ ತಪಾಸಣೆಯ ವರದಿ ಎಲ್ಲ ಇದರ ಜೊತೆಗೇ ಬರುತ್ತವೆ. ಠಾಣೆಯಲ್ಲಿ ಸಿಗದ್ದು ಇಲ್ಲಿ ವಕೀಲರ ಮೂಲಕ ಸಿಗುತ್ತದೆ. "ನಿನ್ನನ್ನು ಯಾವಾಗ ಹಿಡಿದರು, ಹೊಡೆದರಾ" ಅಂತ ಮ್ಯಾಜಿಸ್ಟ್ರೇಟರು ಕೇಳುವುದೂ ಇಲ್ಲೇ. ಆಗ ಸುಮ್ಮನೆ ತಲೆ ಆಡಿಸಿದರೆ ಹಾಳೆಯಲ್ಲಿ 'ದೂರು ಇಲ್ಲ' ಅಂತ ದಾಖಲಾಗುತ್ತದೆ. ವಕೀಲರನ್ನು ಇಡಲು ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ.

ಕೊನೆಗೆ ತನಿಖೆ ಮುಗಿದ ಮೇಲಿನ ಕಾಗದ. ಅದು ದೋಷಾರೋಪಣ ಪಟ್ಟಿ ಆಗಿರಬಹುದು, ಜನ ಚಾರ್ಜ್‌ಶೀಟ್ ಅನ್ನುವುದು ಅದನ್ನೇ. ಇಲ್ಲಾ ಬಿ ರಿಪೋರ್ಟ್ ಆಗಿರಬಹುದು, ಅಂದರೆ ಕೇಸಿನಲ್ಲಿ ಹುರುಳಿಲ್ಲ ಅಂತ ಮುಚ್ಚುವುದು. ಸಿ ರಿಪೋರ್ಟ್ ಅಂದರೆ ಅಪರಾಧ ನಡೆದಿದೆ, ಮಾಡಿದವರು ಪತ್ತೆಯಾಗಿಲ್ಲ ಅಂತ. ಅರೆಸ್ಟ್ ಆದವರ ಕೇಸೂ ಬಿ ರಿಪೋರ್ಟಿನಲ್ಲಿ ಮುಗಿಯುವುದುಂಟು. ಹಾಗಾಗಿ ಯಾರದ್ದೋ ಹಳೆಯ ಎಫ್‌ಐಆರ್ ತೋರಿಸಿ "ನೋಡಿ, ಇವನು ಎಂಥವನು" ಅನ್ನುವವರನ್ನು "ಆಮೇಲೆ ಏನಾಯಿತು?" ಅಂತ ಕೇಳಿ. ನೋಡುವ ದಾರಿಯೂ ಇದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಎಫ್‌ಐಆರ್ ನಂಬರ್ ಹಾಕಿದರೆ ಕೇಸು ಎಲ್ಲಿಗೆ ಬಂದಿದೆ ಅಂತ ಕಾಣುತ್ತದೆ. ಹೆಸರು ಹಾಕಿಯೂ ಹುಡುಕಬಹುದು, ಆದರೆ ಒಂದೇ ತಾಲೂಕಿನಲ್ಲಿ ಎಷ್ಟು ಜನ ಮಂಜುನಾಥರಿದ್ದಾರೆ ಅಂತ ನಿಮಗೇ ಗೊತ್ತು. ಹೆಣ್ಣು ಕೊಡುವ ಮೊದಲು ಹುಡುಗನ ಹೆಸರು ಹುಡುಕುವವರು ತಂದೆಯ ಹೆಸರು, ವಿಳಾಸ ತಾಳೆ ನೋಡದೆ ತೀರ್ಮಾನಕ್ಕೆ ಬರಬೇಡಿ.

ಇಷ್ಟಾದರೂ ಸಿಗದಿದ್ದರೆ ಮಾಹಿತಿ ಹಕ್ಕು. 2005ರ ಕಾಯ್ದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಇಲ್ಲಿನ ನಿಯಮದ ಒಂದು ಕಿರಿಕಿರಿ ಏನೆಂದರೆ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಕಥೆ ಬರೆಯಬೇಡಿ. "ಇಂಥ ಠಾಣೆ, ಇಂಥ ಎಫ್‌ಐಆರ್ ನಂಬರಿನ ದಸ್ತಗಿರಿ ಮೆಮೊ ಪ್ರತಿ, ಆ ದಿನದ ಠಾಣಾ ದಿನಚರಿಯ ಪ್ರತಿ ಕೊಡಿ" ಅಂದರೆ ಸಾಕು. 'ಯಾಕೆ ಹಿಡಿದಿರಿ' ಅಂತ ಕೇಳಬೇಡಿ, ಅದು ಪ್ರಶ್ನೆ. ಕಾಗದ ಕೇಳಿ. ಉತ್ತರಕ್ಕೆ 30 ದಿನ. ಒಬ್ಬರ ಜೀವಕ್ಕೆ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ, ಅದನ್ನು ಅರ್ಜಿಯ ಮೇಲೆಯೇ ಬರೆಯಿರಿ. ಅರ್ಜಿ ಬೇರೆ ಕಚೇರಿಗೆ ಹೋಗಿದ್ದರೆ ಅವರೇ ಐದು ದಿನದಲ್ಲಿ ಸರಿಯಾದ ಕಡೆ ಕಳಿಸಬೇಕು.

'ತನಿಖೆ ನಡೆಯುತ್ತಿದೆ, ಕೊಡಲಾಗದು' ಅನ್ನುವ ಒಂದು ಸಾಲಿನ ಉತ್ತರ ಜಾಸ್ತಿ ಬರುತ್ತದೆ. ಕಾಯ್ದೆಯ 8ನೇ ಕಲಂನಲ್ಲಿ ಅಂಥ ವಿನಾಯಿತಿ ಇರುವುದು ನಿಜ. ಆದರೆ ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಅಂತ ಅವರು ಹೇಳಬೇಕು. ತನಿಖೆ ಇದೆ ಅನ್ನುವುದಷ್ಟೇ ಕಾರಣವಾಗದು ಅಂತ ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ. ಮೊದಲ ಮೇಲ್ಮನವಿಗೆ 30 ದಿನ ಇದೆ, ಅಲ್ಲಿ ಇದನ್ನೇ ಬರೆಯಿರಿ. ಕೇಸ್ ಡೈರಿ ಮಾತ್ರ ಕೇಳಬೇಡಿ. ತನಿಖಾಧಿಕಾರಿ ದಿನದಿನ ಬರೆಯುವ ಅದನ್ನು ಆರೋಪಿಗೂ ಕೊಡುವುದಿಲ್ಲ.

ಇನ್ನು ಆ ಹದಿನೆಂಟು ಗಂಟೆಯ ವಿಷಯ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಇಡಬೇಕು, ಆಗದಿದ್ದರೆ ಒಂದು ವರ್ಷಕ್ಕಾದರೂ ಕಡಿಮೆ ಇರಬಾರದು ಅಂತ ಆದೇಶ ಕೊಟ್ಟಿತು. ಮೆಮೊದ ಸಮಯ ಸುಳ್ಳು ಅಂತ ನಿಮಗೆ ಅನ್ನಿಸಿದರೆ ಅಂದೇ ಒಂದು ಅರ್ಜಿ ಬರೆಯಿರಿ. ಇಂಥ ದಿನಾಂಕ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗಿನ ದೃಶ್ಯವನ್ನು ಅಳಿಸದೆ ಕಾಯ್ದಿಡಿ ಅಂತ. ಠಾಣೆಗೆ ಒಂದು, ಎಸ್‌ಪಿ ಕಚೇರಿಗೆ ಒಂದು ಪ್ರತಿ ಕೊಡಿ. ಎರಡರ ಜೆರಾಕ್ಸ್ ಮೇಲೂ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸೀಲಿನ ಪಕ್ಕದಲ್ಲಿ ಅವರು ಬರೆಯುವ ದಿನಾಂಕ ಸರಿ ಇದೆಯಾ ಅಂತ ಅಲ್ಲೇ ನಿಂತು ನೋಡಿ.

ನಮಸ್ಕಾರ.