ನೈಟ್ ಶಿಫ್ಟ್ ಮುಗಿಸಿ ಬಂದರೂ ನಿದ್ದೆ ಯಾಕೆ ಹತ್ತೋದಿಲ್ಲ?

ನಮಸ್ಕಾರ. ತೋರಣಗಲ್ಲಿನ ಸ್ಟೀಲ್ ಪ್ಲಾಂಟ್ ಇರಲಿ, ಶಕ್ತಿನಗರದ ಥರ್ಮಲ್ ಇರಲಿ, ಹಟ್ಟಿ ಗಣಿ ಇರಲಿ, ನೈಟ್ ಶಿಫ್ಟ್ ಮುಗಿಸಿ ಬಂದವರ ಗೋಳು ಒಂದೇ. ಮೈ ಸೋತಿರುತ್ತದೆ, ಆದರೆ ಮಲಗಿದರೆ ಮೂರ್ನಾಲ್ಕು ತಾಸಿಗೆ ಎಚ್ಚರ. ಇದು ಬರೀ ಗದ್ದಲದಿಂದ ಅಲ್ಲ.

[ತೆರೆಯ ಮೇಲೆ ಮೆದುಳಿನ ಚಿತ್ರ]

ನಿದ್ದೆಗೆ ಎರಡು ಕಾರಣ ಕೂಡಿ ಬರಬೇಕು. ಒಂದು, ಅಡೆನೊಸಿನ್ ಅನ್ನುವ ರಾಸಾಯನಿಕ. ಎಚ್ಚರ ಇದ್ದಷ್ಟು ಹೊತ್ತು ಇದು ಮೆದುಳಿನಲ್ಲಿ ಸೇರುತ್ತಾ ಹೋಗುತ್ತದೆ, ಜಾಸ್ತಿ ಆದಷ್ಟೂ ಕಣ್ಣು ಎಳೆಯುತ್ತದೆ, ಮಲಗಿದರೆ ಇಳಿಯುತ್ತದೆ. ಚಹಾದ ಕೆಫೀನ್ ಅಡೆನೊಸಿನ್ ಕೂರುವ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಆಯಾಸ ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೇ. ಕುಡಿದು ಸುಮಾರು 5 ತಾಸಾದರೂ ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ.

ಇನ್ನೊಂದು, ಒಳಗಿನ ಗಡಿಯಾರ. ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮೆದುಳಿನ ತಳಭಾಗದ ಹೈಪೊಥಲಾಮಸ್‌ನಲ್ಲಿ, ಸುಮಾರು 20,000 ನರಕೋಶಗಳ ಒಂದು ಗುಂಪಿದೆ, ಅದೇ ಈ ಗಡಿಯಾರ. ಕತ್ತಲಾದಾಗ ಇದು ಮೆದುಳಿನೊಳಗಿನ ಪುಟ್ಟ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಅನ್ನುವ ಹಾರ್ಮೋನ್ ಬಿಡಿಸುತ್ತದೆ. ಮೆಲಟೋನಿನ್ ಹೊಡೆದು ಮಲಗಿಸುವುದಿಲ್ಲ, ರಾತ್ರಿ ಆಯಿತು ಅಂತ ಮೈಗೆ ತಿಳಿಸುತ್ತದೆ. ಬೆಳಗಿನ ಜಾವಕ್ಕೆ ಮೈಯನ್ನು ಎಚ್ಚರಕ್ಕೆ ಸಜ್ಜು ಮಾಡುವ ಹಾರ್ಮೋನ್ ಕಾರ್ಟಿಸೋಲ್ ಏರಲು ಶುರು, ಮೈಯ ಬಿಸಿಯೂ ಏರುತ್ತದೆ. ಅಂದರೆ ನೀವು ಗೇಟ್ ದಾಟಿ ಹೊರಗೆ ಬರುವ ಹೊತ್ತಿಗೆ ಅಡೆನೊಸಿನ್ ಮಲಗು ಅನ್ನುತ್ತದೆ, ಗಡಿಯಾರ ಏಳು ಅನ್ನುತ್ತದೆ, ಮೇಲಿಂದ ನಮ್ಮ ಬಳ್ಳಾರಿ ಬಿಸಿಲು ಕಣ್ಣಿಗೆ ಹೊಡೆದು ಗಡಿಯಾರದ ಮಾತನ್ನೇ ಗಟ್ಟಿ ಮಾಡುತ್ತದೆ. ಕಣ್ಣಿನ ಹಿಂಪರದೆಯಲ್ಲಿ ಗಡಿಯಾರಕ್ಕೆ ಬೆಳಕಿನ ಸುದ್ದಿ ಮುಟ್ಟಿಸೋಕಂತಲೇ ಬೇರೆ ಕೋಶಗಳಿವೆ, ನೀಲಿ ಬೆಳಕಿಗೆ ಅವು ಬೇಗ ಮಿಡಿಯುತ್ತವೆ. ಮೊಬೈಲ್ ಬೆಳಕಲ್ಲೂ ನೀಲಿ ಇದೆ, ಆದರೆ ಬಿಸಿಲಿನ ಮುಂದೆ ಅದು ಏನೂ ಅಲ್ಲ.

[ಮಾಳಿಗೆ ಮೇಲೆ ಹಾಸಿದ ಹಾಸಿಗೆಗಳ ದೃಶ್ಯ]

ನಿದ್ದೆ ಹತ್ತಲು ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ರಾಯಚೂರಿನ ಬೇಸಿಗೆಯಲ್ಲಿ ಜನ ಮಾಳಿಗೆ ಏರುವುದು ಸುಮ್ನೆ ಅಲ್ಲ. ಹಗಲು ಮಲಗುವವರಿಗೆ ಆ ದಾರಿ ಇಲ್ಲವಲ್ಲ, ಅವರಿಗೆ ಕೂಲರ್ರೇ ಗತಿ.

ಹಾಗಾದರೆ ಏನು ಮಾಡಬೇಕು? ಶಿಫ್ಟಿನ ಮೊದಲರ್ಧದಲ್ಲಷ್ಟೇ ಚಹಾ ಕುಡಿಯಿರಿ. ಕಂಪನಿ ಬಸ್ಸಲ್ಲಿ ಬರುವವರು ಕಪ್ಪು ಕನ್ನಡಕ ಹಾಕಿ. ಬೈಕಿನವರು ಬೇಡ, ದಾರಿಯಲ್ಲೇ ತೂಕಡಿಕೆ ಬಂದೀತು. ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು.

ಇನ್ನೊಂದು ಮಾತು ಸೂಪರ್‌ವೈಸರ್‌ಗಳಿಗೆ. ಹೆಚ್ಚಿನವರ ಒಳಗಡಿಯಾರ 24 ತಾಸಿಗಿಂತ ಸ್ವಲ್ಪ ಉದ್ದ, ಹಾಗಾಗಿ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಫಸ್ಟ್, ಸೆಕೆಂಡ್, ನೈಟ್ ಅಂತ ಮುಂದಕ್ಕೆ ಹೋಗುವ ಪಾಳಿ ಮೈಗೆ ಬೇಗ ಒಗ್ಗುತ್ತದೆ. ಪಟ್ಟಿ ಉಲ್ಟಾ ತಿರುಗುತ್ತಿದ್ದರೆ ಬದಲಾಯಿಸಿ, ಅದಕ್ಕೆ ಕಂಪನಿಗೆ ಖರ್ಚೇನೂ ಇಲ್ಲ.